ದುಬೈಗೆ ವಿಮಾನದಲ್ಲಿ 4 ತಾಸು. ಹಾವೇರಿಯಲ್ಲಿ ಮನೆ ಬಿಡೋದು ಯಾವಾಗ?

ಹಾವೇರಿ: ದುಡಿಯಲು, ವ್ಯಾಪಾರಕ್ಕೆ, ಮಕ್ಕಳನ್ನು ನೋಡಲು ಅಂತ ಜಿಲ್ಲೆಯಿಂದ ದುಬೈಗೆ ಹೋಗುವವರಿದ್ದಾರೆ. ಹೊರಡುವವರ ಮನೆಯಲ್ಲಿ ಕೇಳೋದು ಒಂದೇ ಪ್ರಶ್ನೆ: 'ಎಷ್ಟು ತಾಸಿನ ಹಾದಿ?' ಟಿಕೆಟ್ ನೋಡಿ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ಬೆಂಗಳೂರಿನಿಂದ ದುಬೈಗೆ ಆಕಾಶಮಾರ್ಗದಲ್ಲಿ ಸುಮಾರು 2,700 ಕಿ.ಮೀ. ನೇರ ವಿಮಾನಕ್ಕೆ ಹೆಚ್ಚುಕಡಿಮೆ 4 ತಾಸು ಬೇಕು. ಆದರೆ ಟಿಕೆಟ್‌ನಲ್ಲಿ ಬೆಳಗಿನ ಜಾವ 4ಕ್ಕೆ ಬಿಟ್ಟು 6.30ಕ್ಕೆ ಮುಟ್ಟುತ್ತದೆ ಅಂತ ಇರುತ್ತದೆ. ಎರಡೂವರೆ ತಾಸಲ್ಲ, ನಾಲ್ಕೇ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಹಾಕಿರುತ್ತಾರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

ಬರುವಾಗ ಉಲ್ಟಾ. ರಾತ್ರಿ 10ಕ್ಕೆ ಬಿಟ್ಟ ವಿಮಾನ 3.15ಕ್ಕೆ ಬೆಂಗಳೂರು ಮುಟ್ಟಿದರೆ ಐದೂಕಾಲು ತಾಸು ಅನಿಸುತ್ತದೆ. ಹಾರಿದ್ದು ಮೂರೂಮುಕ್ಕಾಲು ತಾಸು ಮಾತ್ರ. ಕರೆತರಲು ಹೋಗುವವರು ಮರುದಿನದ ತಾರೀಖು ನೋಡಿಕೊಳ್ಳಬೇಕು.

ತಾರೀಖಿನ ಗೊಂದಲ

ವಿಮಾನ ತಪ್ಪೋದು ಹೆಚ್ಚಾಗಿ ಇಲ್ಲೇ. ಟಿಕೆಟ್‌ನಲ್ಲಿ '15ನೇ ತಾರೀಖು, 04.00' ಅಂತಿದ್ದರೆ ಅದು 14ರ ರಾತ್ರಿ ಕಳೆದ ಬೆಳಗಿನ ಜಾವ. 15ರ ಮಧ್ಯಾಹ್ನ ಮನೆ ಬಿಟ್ಟರೆ ವಿಮಾನ ಅಷ್ಟೊತ್ತಿಗೆ ದುಬೈ ಮುಟ್ಟಿರುತ್ತದೆ.

ಹಿಂದಿನಿಂದ ಲೆಕ್ಕ ಹಾಕಿ

ಹುಬ್ಬಳ್ಳಿಯಿಂದ ದುಬೈಗೆ ನೇರ ವಿಮಾನ ಇಲ್ಲ. ಹಾಗಾಗಿ ಹೆಚ್ಚಿನವರ ದಾರಿ ಬೆಂಗಳೂರೇ. ವಿದೇಶಿ ವಿಮಾನಕ್ಕೆ 3 ತಾಸು ಮೊದಲೇ ನಿಲ್ದಾಣದಲ್ಲಿರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 1 ತಾಸು ಮೊದಲು ಮುಚ್ಚುತ್ತದೆ. ಬೆಳಗಿನ ಜಾವ 4ರ ವಿಮಾನಕ್ಕೆ ರಾತ್ರಿ 1 ಗಂಟೆಗೆ ಅಲ್ಲಿರಬೇಕು ಅಂದ ಹಾಗಾಯ್ತು.

ಹಾವೇರಿಯಿಂದ ಬೆಂಗಳೂರು ಸುಮಾರು 340 ಕಿ.ಮೀ. ಕಾರಿನಲ್ಲಿ ಊಟ, ಟ್ರಾಫಿಕ್ ಸೇರಿ 7 ತಾಸು ಇಟ್ಟುಕೊಳ್ಳಿ. ಅಂದರೆ ಹಿಂದಿನ ದಿನ ಸಂಜೆ 6ಕ್ಕೆ ಹೊರಡಬೇಕು. ರಾಣೆಬೆನ್ನೂರಿನವರಿಗೆ ಅರ್ಧ ತಾಸು ಉಳಿಯುತ್ತದೆ. ಬ್ಯಾಡಗಿಯವರು ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹಿಡಿಯಬಹುದು.

ವಿಮಾನ ನಿಲ್ದಾಣ ಇರೋದು ದೇವನಹಳ್ಳಿ ಹತ್ತಿರ. ಕಾರಿನವರು ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ನಗರದ ಟ್ರಾಫಿಕ್ ತಪ್ಪುತ್ತದೆ. ಬಸ್ಸಿನವರು ಮೆಜೆಸ್ಟಿಕ್‌ನಲ್ಲಿ ಇಳಿದು ವಾಯುವಜ್ರ ಬಸ್ ಹತ್ತಬೇಕು. ಅದಕ್ಕೇ ಒಂದೂವರೆ ತಾಸು ಬೇರೆ. ಅವರು ಮಧ್ಯಾಹ್ನ 3ಕ್ಕೇ ಹೊರಡೋದು ಒಳ್ಳೆಯದು. ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿವೆ. ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ಒಮ್ಮೆ ನೋಡಿಕೊಳ್ಳಿ.

ಒಟ್ಟು ಕೂಡಿಸಿದರೆ ದಾರಿ 7, ನಿಲ್ದಾಣದಲ್ಲಿ 3, ಹಾರಾಟ 4. ಮನೆಯಿಂದ ದುಬೈಗೆ 14 ತಾಸು.

ಅಂಗಡಿಯವರಿಗೆ

ಫೋನ್ ಮಾಡೋರಿಗೂ ಇದೇ ಲೆಕ್ಕ. ಬ್ಯಾಡಗಿಯಲ್ಲಿ 10 ಗಂಟೆ ಆದರೆ ದುಬೈನಲ್ಲಿ ಇನ್ನೂ 8.30. 2022ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಕಾಗದಪತ್ರದ ಕೆಲಸ ಇದ್ದರೆ ಗುರುವಾರದೊಳಗೆ ಮುಗಿಸಿಕೊಳ್ಳಿ.