ಟೀ ಕುಡಿಯಿರಿ, ಕ್ಯಾಪ್ಸೂಲಿಗೆ ದುಡ್ಡು ಸುರಿಯಬೇಡಿ

ರಿಕ್ಕರ್ಟನ್ನಿಗೆ ದಿನಸಿಗೆ ಬಂದವರು ಟೀ ಪುಡಿ ಜೊತೆ ಗ್ರೀನ್ ಟೀ ಕ್ಯಾಪ್ಸೂಲನ್ನೂ ಕೊಳ್ಳೋದುಂಟು. ಮಿದುಳಿಗೆ ಒಳ್ಳೇದಂತೆ ಅಂತ. ಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ಹಾಕಿ.

ಗ್ರೀನ್ ಟೀ, ನಮ್ಮ ಮಾಮೂಲಿ ಟೀ ಎರಡೂ ಒಂದೇ ಗಿಡದ ಎಲೆ. ಅದರಲ್ಲಿ ಪಾಲಿಫಿನಾಲ್ ಎಂಬ ಅಂಶಗಳಿವೆ. ಗ್ರೀನ್ ಟೀಯಲ್ಲಿ ಅವು ಕ್ಯಾಟೆಚಿನ್ ಆಗಿ ಉಳಿಯುತ್ತವೆ. ಮಾಮೂಲಿ ಟೀಯಲ್ಲಿ ಎಲೆಗೆ ಗಾಳಿ ತಗುಲಿ ಬಹುಪಾಲು ಥಿಯಾಫ್ಲೇವಿನ್, ಥಿಯಾರುಬಿಜಿನ್ ಆಗುತ್ತವೆ. ಜೀವಕೋಶಗಳು ಸವೆಯುವುದನ್ನು ಇವು ಪ್ರಯೋಗಾಲಯದಲ್ಲೇನೋ ತಡೆಯುತ್ತವೆ. ವರ್ಷಗಟ್ಟಲೆ ಟೀ ಕುಡಿದವರಲ್ಲಿ ಮುಪ್ಪಿನ ಮರೆವು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಟೀಯಿಂದಲೇ ಹಾಗಾಯಿತು ಎನ್ನಲು ಅಷ್ಟು ಸಾಲದು. ಕುಡಿದ ಕೂಡಲೇ ಬರುವ ಚುರುಕು ಮುಖ್ಯವಾಗಿ ಕೆಫೀನಿನದು.

ಕ್ಯಾಪ್ಸೂಲಿನಲ್ಲಿ ಇದೇ ಕ್ಯಾಟೆಚಿನ್ ಭಟ್ಟಿ ಇಳಿಸಿದ ಹಾಗೆ ಗಟ್ಟಿಯಾಗಿರುತ್ತದೆ. ಇಜಿಸಿಜಿ ಎಂಬ ಕ್ಯಾಟೆಚಿನ್ ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಬೇರೆ ಮಾತ್ರೆ ತಗೊಳ್ಳುವವರು ಫಾರ್ಮಸಿಸ್ಟರನ್ನು ಕೇಳದೆ ಮುಟ್ಟಬೇಡಿ.

ನೈಟ್ ಶಿಫ್ಟಿನವರು ಮಲಗುವ ಐದಾರು ಗಂಟೆ ಮೊದಲೇ ಟೀ ನಿಲ್ಲಿಸಿ. ನಿದ್ದೆಗೆಟ್ಟ ಮಿದುಳನ್ನು ಯಾವ ಕ್ಯಾಟೆಚಿನ್ನೂ ಸರಿಮಾಡದು. ರಕ್ತ ಕಡಿಮೆ ಇರುವವರು ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಟೀ ಅಡ್ಡಿ.

ಅಂದಹಾಗೆ, ಇಲ್ಲಿ ಎಂಟು ಗಂಟೆಯ ಪಾಳಿಗೆ 10 ನಿಮಿಷದ ಎರಡು ವಿರಾಮ ಸಂಬಳ ಸಹಿತ ಸಿಗಬೇಕು. ಟೀ ಕುಡಿದ ಆ 20 ನಿಮಿಷ ಪೇ-ಸ್ಲಿಪ್ಪಿನಲ್ಲಿ ಕಡಿತವಾಗಿದೆಯೇ, ನೋಡಿಕೊಳ್ಳಿ.