ಧಾರಣೆಯ ರೇಖಾಪಟಗಳು: ಅವನ್ನು ಓದುವ ಬಗೆ

‘ಧಾರಣೆ’ ಎಂಬ ಶಬ್ದವು ನಮ್ಮ ನುಡಿಯಲ್ಲಿ ಎರಡು ನೆಲೆಗಳಲ್ಲಿ ಬಳಕೆಯಾಗುತ್ತಿದೆ. ಅಷ್ಟಾಂಗಯೋಗದ ಆರನೆಯ ಅಂಗವಾದ ಧಾರಣೆಯೆಂದರೆ ಚಿತ್ತವನ್ನು ಒಂದೆಡೆ ಕದಲದಂತೆ ನಿಲ್ಲಿಸುವುದು. ಪೇಟೆಯ ಧಾರಣೆಯೆಂದರೆ ಸರಕಿಗೆ ಅಂದಂದು ನಿಗದಿಯಾಗುವ ಬೆಲೆ. ಮೊದಲನೆಯದು ನಿಲುವಿಗೆ ಹೆಸರಾದರೆ ಎರಡನೆಯದು ಚಲನೆಗೆ ಹೆಸರು. ಈ ಎರಡನೆಯ ಧಾರಣೆಯ ಏರಿಳಿತಗಳನ್ನು ಗೆರೆಗಳಲ್ಲಿ ಹಿಡಿದಿಡುವ ಚಿತ್ರಗಳಿಗೆ ವ್ಯವಹಾರದಲ್ಲಿ ‘ಚಾರ್ಟ್’ ಎಂದು ಹೆಸರು. ನಾವು ಅವನ್ನು ರೇಖಾಪಟಗಳೆಂದು ಕರೆಯಬಹುದು.

ವ್ಯಾಕರಣ ಛಂದಸ್ಸುಗಳ ಪಾಠ ಹೇಳುವವನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಇಂದು ಈ ಪಟಗಳು ಮುಂಬಯಿಯ ದಲಾಲರ ಕೊಠಡಿಗಳಲ್ಲಿ ಮಾತ್ರ ಉಳಿದಿಲ್ಲ. ನಮ್ಮ ಶಾಲೆಯಲ್ಲಿ ಕಲಿತು ಹೊರಬಿದ್ದ ತರುಣರ ಮೊಬೈಲುಗಳಲ್ಲಿ ಹಸುರು ಕೆಂಪು ಗುರುತುಗಳಾಗಿ ಅವು ಹಗಲೆಲ್ಲ ಕುಣಿಯುತ್ತಿವೆ. ಸೇವೆಯಿಂದ ನಿವೃತ್ತರಾದ ಅಧ್ಯಾಪಕರು ತಮ್ಮ ಉಪದಾನದ ಹಣವನ್ನು ಎಲ್ಲಿ ತೊಡಗಿಸಬೇಕೆಂದು ವಿಚಾರಿಸಿದಾಗಲೂ ಯಾರೋ ಒಬ್ಬರು ಇಂಥ ಪಟವೊಂದನ್ನು ಎದುರಿಗೆ ಹಿಡಿಯುತ್ತಾರೆ. ಓದಲು ಬಾರದ ಪತ್ರಕ್ಕೆ ರುಜು ಹಾಕಬಾರದೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಓದಲು ಬಾರದ ಪಟವನ್ನು ನಂಬಿ ಹಣ ಹೂಡುವುದೂ ಅಂಥದೇ ಕಾರ್ಯ. ಆದುದರಿಂದ ಈ ಪಟಗಳ ಲಿಪಿಯನ್ನು ಯಥಾಮತಿ ಇಲ್ಲಿ ವಿವರಿಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ದುರ್ಗದಲ್ಲಿ ಮದಕರಿನಾಯಕನ ಆಳ್ವಿಕೆಯು 1779ರಲ್ಲಿ ಹೈದರಾಲಿಯ ಕೈಯಲ್ಲಿ ಕೊನೆಗೊಂಡಿತಷ್ಟೆ. ಅದಾದ ಏಳು ವರ್ಷಕ್ಕೆ, 1786ರಲ್ಲಿ, ವಿಲಿಯಂ ಪ್ಲೇಫೇರ್ ಎಂಬಾತನು ಲಂಡನ್ನಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ಇಂಗ್ಲೆಂಡಿನ ಆಮದು ರಫ್ತುಗಳ ಮೊತ್ತವನ್ನು ಅಂಕಿಗಳ ಬದಲು ಗೆರೆಗಳಿಂದ ತೋರಿಸಿದನು. 1821ರಲ್ಲಿ ಅವನೇ ಗೋಧಿಯ ಬೆಲೆಯನ್ನೂ ಕೂಲಿಯ ದರವನ್ನೂ ಒಂದೇ ಪಟದಲ್ಲಿ ಬರೆದು ತೋರಿದನು. ಪೂರ್ವದಲ್ಲಿ ಜಪಾನಿನ ಒಸಾಕ ನಗರದ ದೋಜಿಮ ಅಕ್ಕಿಪೇಟೆಗೆ 1730ರಲ್ಲೇ ಸರ್ಕಾರದ ಮನ್ನಣೆ ದೊರೆತು, ಮುಂದೆ ಕೊಡಬೇಕಾದ ಅಕ್ಕಿಗೆ ಇಂದೇ ಬೆಲೆ ಕಟ್ಟುವ ವಾಯಿದಾ ವ್ಯಾಪಾರ ನಡೆಯುತ್ತಿತ್ತು. 1724ರಲ್ಲಿ ಜನಿಸಿದ ಸಕಾಟ ಊರಿನ ಅಕ್ಕಿವರ್ತಕ ಹೊಮ್ಮ ಮುನೆಹಿಸನ ಹೆಸರನ್ನು ಮೇಣದ ಬತ್ತಿಯ ಪಟದೊಂದಿಗೆ ಪರಂಪರೆಯು ಜೋಡಿಸುತ್ತದೆ. ಹೀಗೆ ಗೋಧಿಯೂ ಅಕ್ಕಿಯೂ ಈ ವಿದ್ಯೆಯ ತಾಯಿಬೇರುಗಳು. ಷೇರುಗಳು ಆಮೇಲೆ ಬಂದವು.

ಗೆರೆಯ ಪಟ

ಎಲ್ಲಕ್ಕಿಂತ ಸರಳವಾದುದು ಗೆರೆಯ ಪಟ. ಅಡ್ಡಗೆರೆಯ ಮೇಲೆ ದಿನಗಳನ್ನೂ ಲಂಬಗೆರೆಯ ಮೇಲೆ ಬೆಲೆಯನ್ನೂ ಗುರುತಿಸಿ, ಪ್ರತಿದಿನದ ಮುಕ್ತಾಯದ ಧಾರಣೆಗೆ ಒಂದೊಂದು ಚುಕ್ಕೆಯಿಟ್ಟು, ಚುಕ್ಕೆಗಳನ್ನು ಕೂಡಿಸಿದರೆ ಆಯಿತು. ಹಿರಿಯೂರಿನ ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು ವರ್ಷ ವರ್ಷ ಗುರುತಿಸಿ ಗೆರೆಯೆಳೆದರೆ ಹೇಗೋ ಹಾಗೆ. ದೀರ್ಘಕಾಲದ ಒಲವು ಯಾವ ಕಡೆಗೆ ಎಂಬುದನ್ನು ಅರಿಯಲು ಇದಕ್ಕಿಂತ ಶುದ್ಧವಾದ ಪಟವಿಲ್ಲ. ಆದರೆ ದಿನದೊಳಗೆ ಏನು ನಡೆಯಿತೆಂಬುದನ್ನು ಇದು ಹೇಳದು. ಬೆಳಗಿನಿಂದ ಶಾಂತವಾಗಿದ್ದ ಪೇಟೆಯೂ ನಡುಹಗಲಲ್ಲಿ ಕುಸಿದು ಸಂಜೆಗೆ ಚೇತರಿಸಿಕೊಂಡ ಪೇಟೆಯೂ ಇಲ್ಲಿ ಒಂದೇ ಚುಕ್ಕೆಯಾಗುತ್ತವೆ.

ಕಂಬಿಯ ಪಟ

ಈ ಕೊರತೆಯನ್ನು ನೀಗಿಸಲು ಬಂದುದು ಕಂಬಿಯ ಪಟ. ಇದರಲ್ಲಿ ದಿನವೊಂದಕ್ಕೆ ನಾಲ್ಕು ಅಂಕಿಗಳು ಬೇಕು: ಆರಂಭದ ಧಾರಣೆ, ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯದ ಧಾರಣೆ. ಉದಾಹರಣೆಗಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದು ಸರಕು ಕ್ವಿಂಟಲಿಗೆ 6000 ರೂಪಾಯಿಗೆ ಆರಂಭವಾಗಿ, 6400ರವರೆಗೆ ಏರಿ, 5900ರವರೆಗೆ ಇಳಿದು, 6300ಕ್ಕೆ ಮುಗಿಯಿತು. ಆಗ 5900ರಿಂದ 6400ರವರೆಗೆ ಒಂದು ಲಂಬ ಕಂಬಿಯನ್ನು ಎಳೆದು, 6000ದ ಎತ್ತರದಲ್ಲಿ ಎಡಕ್ಕೊಂದು ಕಿರುಗೆರೆ, 6300ರ ಎತ್ತರದಲ್ಲಿ ಬಲಕ್ಕೊಂದು ಕಿರುಗೆರೆ ಹಾಕಬೇಕು. ಎಡವು ಆರಂಭ, ಬಲವು ಮುಕ್ತಾಯ. ಕಂಬಿಯ ಉದ್ದವೇ ಆ ದಿನದ ಹೊಯ್ದಾಟ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೃಷಿ ಉತ್ಪನ್ನ ಮಾರುಕಟ್ಟೆಯ ದೈನಂದಿನ ಧಾರಣೆಪಟ್ಟಿಯಲ್ಲೂ ಕನಿಷ್ಠ, ಗರಿಷ್ಠ ಎಂಬ ಎರಡು ಅಂಕಿಗಳಿರುತ್ತವೆ. ಚಿತ್ರದುರ್ಗದ ಅಡಿಕೆಯ ಧಾರಣೆಯಲ್ಲಿ ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ ಎಂದು ಬಗೆಬಗೆಗೆ ಬೇರೆ ಬೇರೆ ಅಂಕಿಗಳನ್ನು ಪತ್ರಿಕೆಗಳಲ್ಲಿ ನಾವು ಕಾಣುತ್ತೇವೆ. ಚಳ್ಳಕೆರೆಯ ಶೇಂಗಾ, ಹಿರಿಯೂರಿನ ಈರುಳ್ಳಿಗಳಿಗೂ ಹೀಗೆಯೇ. ಆದರೆ ಆ ಕನಿಷ್ಠ ಗರಿಷ್ಠಗಳ ಅಂತರಕ್ಕೆ ಮುಖ್ಯ ಕಾರಣ ಗುಣಭೇದ. ಒಣಗಿದ ಮಾಲಿಗೆ ಹೆಚ್ಚು, ಹಸಿ ಮಾಲಿಗೆ ಕಡಿಮೆ. ಒಂದು ಕಂಪನಿಯ ಷೇರುಗಳಲ್ಲಿ ಒಣದು ಹಸಿದೆಂಬ ಭೇದವಿಲ್ಲ. ಒಂದು ಷೇರು ಇನ್ನೊಂದಕ್ಕೆ ಸರ್ವಸಮ. ಅಲ್ಲಿಯ ಅಂತರವು ಕಾಲಭೇದದಿಂದ ಮಾತ್ರ ಉಂಟಾದುದು. ಆದುದರಿಂದ ಮಾರುಕಟ್ಟೆ ಪ್ರಾಂಗಣದ ಅಂಕಿಗಳಿಂದ ಕಂಬಿಗಳನ್ನು ಬರೆದು, ಷೇರಿನ ಕಂಬಿಗಳಂತೆ ಅವಕ್ಕೆ ಅರ್ಥ ಹೇಳಿದರೆ ಅನರ್ಥವಾಗುತ್ತದೆ. ರೈತನಿಗೆ ಉಪಯುಕ್ತವಾದುದು ಹೆಚ್ಚು ಮಾಲು ಮಾರಾಟವಾದ ಮಾದರಿ ಧಾರಣೆಯ ಗೆರೆ, ಮತ್ತು ಅದರ ಕೆಳಗೆ ಅಂದಂದಿನ ಆವಕದ ಪ್ರಮಾಣ. ಆವಕ ಏರಿದಾಗ ಧಾರಣೆ ಇಳಿಯುವ ಪರಿಯನ್ನು ಈರುಳ್ಳಿ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಷೇರುಪಟಗಳ ಬುಡದಲ್ಲಿ ಕಾಣುವ ಗಿಡ್ಡ ಕಂಬಗಳೂ ಹೀಗೆಯೇ ಕೈಬದಲಾದ ಷೇರುಗಳ ಸಂಖ್ಯೆಯನ್ನು ಸೂಚಿಸುತ್ತವೆ.

ಮೇಣದ ಬತ್ತಿಯ ಪಟ

ಈಗ ಎಲ್ಲೆಡೆ ಹಬ್ಬಿರುವುದು ಕ್ಯಾಂಡಲ್‌ಸ್ಟಿಕ್ ಎಂಬ ಮೇಣದ ಬತ್ತಿಯ ಪಟ. ಅಂಕಿಗಳು ಅವೇ ನಾಲ್ಕು, ಬರೆಯುವ ಬಗೆ ಬೇರೆ. ಆರಂಭ ಮತ್ತು ಮುಕ್ತಾಯಗಳ ನಡುವಣ ಭಾಗವನ್ನು ದಪ್ಪನೆಯ ಚೌಕವಾಗಿ ಬರೆಯುತ್ತಾರೆ. ಇದು ಬತ್ತಿಯ ಒಡಲು. ಮೇಲೆ ಗರಿಷ್ಠದವರೆಗೂ ಕೆಳಗೆ ಕನಿಷ್ಠದವರೆಗೂ ತೆಳುಗೆರೆಗಳನ್ನು ಎಳೆಯುತ್ತಾರೆ. ಇವು ಬತ್ತಿಯ ದಾರ. ಹಿಂದಿನ ಉದಾಹರಣೆಯಲ್ಲಿ ಒಡಲು 6000ದಿಂದ 6300ರವರೆಗೆ. ಮೇಲಿನ ದಾರ ನೂರು ರೂಪಾಯಿಯದು, ಕೆಳಗಿನದೂ ನೂರು ರೂಪಾಯಿಯದು. ಮುಕ್ತಾಯವು ಆರಂಭಕ್ಕಿಂತ ಮೇಲಿದ್ದರೆ ಒಡಲು ಹಸುರು, ಕೆಳಗಿದ್ದರೆ ಕೆಂಪು. ಬಣ್ಣವಿಲ್ಲದ ಮುದ್ರಣದಲ್ಲಿ ಬಿಳಿ ಮತ್ತು ಕಪ್ಪು. ಜಪಾನ್ ಚೀನಾಗಳಲ್ಲಿ ಏರಿಕೆಗೇ ಕೆಂಪನ್ನು ಬಳಸುವ ರೂಢಿಯಿರುವುದರಿಂದ, ಪಟದ ಸಂಕೇತ ಯಾವುದೆಂದು ಮೊದಲು ತಿಳಿಯಬೇಕು. ಆರಂಭ ಮುಕ್ತಾಯಗಳು ಒಂದೇ ಆದರೆ ಒಡಲಿಲ್ಲದೆ ಶಿಲುಬೆಯಂಥ ಗುರುತು ಉಳಿಯುತ್ತದೆ. ಅದಕ್ಕೆ ‘ದೋಜಿ’ ಎಂದು ಹೆಸರು. ಕೊಳ್ಳುವವರೂ ಮಾರುವವರೂ ಸಮಬಲರಾಗಿ ದಿನ ಮುಗಿದುದನ್ನು ಅದು ಸೂಚಿಸುತ್ತದೆ. 1991ರಲ್ಲಿ ಸ್ಟೀವ್ ನಿಸನ್ ಎಂಬ ಅಮೆರಿಕದ ಲೇಖಕನ ಗ್ರಂಥವು ಪ್ರಕಟವಾದ ಬಳಿಕ ಈ ಪದ್ಧತಿಯು ಪಶ್ಚಿಮದಲ್ಲೂ ಮನೆಮಾತಾಯಿತು.

‘ಹೈಕಿನ್ ಆಶಿ’ ಎಂಬ ಇನ್ನೊಂದು ಬಗೆಯುಂಟು. ನೋಡಲು ಮೇಣದ ಬತ್ತಿಯೇ. ಆದರೆ ನಾಲ್ಕು ಅಂಕಿಗಳ ಸರಾಸರಿಯನ್ನು ಮುಕ್ತಾಯವೆಂದೂ, ಹಿಂದಿನ ಒಡಲಿನ ನಡುಬಿಂದುವನ್ನು ಆರಂಭವೆಂದೂ ಇಟ್ಟುಕೊಂಡು ಬರೆಯುತ್ತಾರೆ. ಇದರಿಂದ ಸಣ್ಣ ಕಂಪನಗಳು ಅಡಗಿ ಒಲವು ನಿಚ್ಚಳವಾಗುತ್ತದೆ. ಆದರೆ ಅಲ್ಲಿ ಕಾಣುವ ಮುಕ್ತಾಯವು ಪೇಟೆಯಲ್ಲಿ ನಡೆದ ವ್ಯಾಪಾರದ ಬೆಲೆಯಲ್ಲವೆಂಬುದನ್ನು ಮರೆಯಬಾರದು.

ಕಾಲವನ್ನು ಬದಿಗಿಟ್ಟ ಪಟಗಳು

ಇದುವರೆಗಿನ ಪಟಗಳೆಲ್ಲ ಕಾಲದ ಹೆಜ್ಜೆಯಲ್ಲಿ ನಡೆಯುವಂಥವು. ಇನ್ನು ಕೆಲವು ಬೆಲೆ ಕದಲಿದಾಗ ಮಾತ್ರ ಮುಂದುವರಿಯುತ್ತವೆ. ‘ಪಾಯಿಂಟ್ ಅಂಡ್ ಫಿಗರ್’ ಪಟದಲ್ಲಿ ಏರಿಕೆಗೆ ಗುಣಿಸುವ ಚಿಹ್ನೆ, ಇಳಿಕೆಗೆ ಸೊನ್ನೆ. ಮನೆಯೊಂದಕ್ಕೆ 100 ರೂಪಾಯಿ, ತಿರುವಿಗೆ ಮೂರು ಮನೆ ಎಂದು ನಿಯಮವಿಟ್ಟುಕೊಳ್ಳೋಣ. ಬೆಲೆ 6000ದಿಂದ 6400ಕ್ಕೆ ಏರಿದರೆ ನಾಲ್ಕು ಗುಣಿಸುವ ಚಿಹ್ನೆಗಳು ಮೇಲೇರುತ್ತವೆ. 6200ಕ್ಕೆ ಇಳಿದರೆ ಏನನ್ನೂ ಬರೆಯುವುದಿಲ್ಲ. 6100ಕ್ಕೆ ಇಳಿದಾಗ ಮಾತ್ರ ಪಕ್ಕದ ಸಾಲಿನಲ್ಲಿ ಮೂರು ಸೊನ್ನೆಗಳು ಬೀಳುತ್ತವೆ. ಒಂದು ತಿಂಗಳು ಬೆಲೆ ಕದಲದಿದ್ದರೆ ಪಟವೂ ಕದಲದು. ಜಪಾನಿನ ‘ರೆಂಕೊ’ ಪಟವೂ ಇದೇ ಜಾತಿಯದು. ಬೆಲೆ ಗೊತ್ತಾದ ಮೊತ್ತದಷ್ಟು ಸರಿದಾಗ ಒಂದು ಇಟ್ಟಿಗೆಯನ್ನು ಇಡುವುದು ಅದರ ಕ್ರಮ. ಸಣ್ಣಪುಟ್ಟ ಗದ್ದಲವನ್ನು ಕಳೆಯುವುದು ಇವುಗಳ ಗುಣ. ಎಷ್ಟು ಕಾಲದಲ್ಲಿ ನಡೆಯಿತೆಂಬುದನ್ನು ಮರೆಸುವುದು ಇವುಗಳ ದೋಷ.

ಅಳತೆಗೋಲಿನ ಮಾಯೆ

ಪಟದ ಬಗೆಗಿಂತಲೂ ಅದರ ಅಳತೆಗೋಲು ನೋಡುಗನನ್ನು ಹೆಚ್ಚು ಮೋಸಗೊಳಿಸಬಲ್ಲುದು. ಮುಂಬಯಿ ಷೇರುಪೇಟೆಯ ‘ಸೆನ್ಸೆಕ್ಸ್’ ಸೂಚ್ಯಂಕವು 1978-79ನೆಯ ಸಾಲನ್ನು 100 ಎಂದು ಎಣಿಸುತ್ತದೆ. ಅದು 1990ರ ಜುಲೈಯಲ್ಲಿ 1000ವನ್ನೂ, 2006ರ ಫೆಬ್ರವರಿಯಲ್ಲಿ 10,000ವನ್ನೂ, 2021ರ ಜನವರಿಯಲ್ಲಿ 50,000ವನ್ನೂ ಮುಟ್ಟಿತು. ಸಮಾನಾಂತರದ ಅಳತೆಯಲ್ಲಿ ಈ ಪಟವನ್ನು ಬರೆದರೆ 1990ಕ್ಕೆ ಮುಂಚಿನ ಭಾಗವು ನೆಲಕ್ಕಂಟಿದ ಗೆರೆಯಾಗಿ, ಏನೂ ನಡೆಯಲಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಆಗ ಹಣ ಹತ್ತು ಪಟ್ಟಾಗಿತ್ತು. 1990ರಿಂದ 2006ರವರೆಗೂ ಹತ್ತು ಪಟ್ಟೇ. 2006ರಿಂದ 2021ರವರೆಗೆ ಐದು ಪಟ್ಟು ಮಾತ್ರ. ಆದರೂ ಕಣ್ಣಿಗೆ ಕೊನೆಯದೇ ಬೆಟ್ಟವಾಗಿ ತೋರುತ್ತದೆ. ಲಾಗರಿದಮ್ ಅಳತೆಯಲ್ಲಿ ಬರೆದರೆ ಸಮಾನ ಅನುಪಾತಗಳಿಗೆ ಸಮಾನ ಎತ್ತರ ದೊರೆತು ಈ ಭ್ರಮೆ ಕಳೆಯುತ್ತದೆ.

ಇನ್ನೂ ಎರಡು ಎಚ್ಚರಗಳುಂಟು. ಲಂಬಗೆರೆಯು ಸೊನ್ನೆಯಿಂದ ಆರಂಭವಾಗದಿದ್ದರೆ ನೂರಕ್ಕೆ ಎರಡರ ಏರಿಕೆಯೂ ಗಗನಚುಂಬಿಯಾಗಿ ಕಾಣುತ್ತದೆ. ಕಂಪನಿಯು ಬೋನಸ್ ಷೇರು ಕೊಟ್ಟಾಗ ಹಳೆಯ ಬೆಲೆಗಳನ್ನು ಸರಿಹೊಂದಿಸದಿದ್ದರೆ ಪಟ ಕುಸಿದಂತೆ ತೋರುತ್ತದೆ. ಬೆಂಗಳೂರಿನ ಇನ್‌ಫೋಸಿಸ್ ಕಂಪನಿಯು 2018ರಲ್ಲಿ ಒಂದಕ್ಕೊಂದು ಬೋನಸ್ ಷೇರು ನೀಡಿದಾಗ ಒಂದು ಷೇರಿದ್ದವನಿಗೆ ಎರಡಾದವು, ಬೆಲೆ ಸುಮಾರು ಅರ್ಧವಾಯಿತು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ.

ಪಟ ಹೇಳದಿರುವ ಮಾತು

ಛಂದಸ್ಸಿನ ವಿದ್ಯಾರ್ಥಿಗೆ ಈ ಪಟಗಳು ಪ್ರಸ್ತಾರವನ್ನು ನೆನಪಿಗೆ ತರುತ್ತವೆ. ಪದ್ಯದ ಮೇಲೆ ಲಘು ಗುರುಗಳ ಗುರುತು ಹಾಕಿದಾಗ ನಡೆ ತಿಳಿಯುತ್ತದೆ, ಅರ್ಥ ತಿಳಿಯುವುದಿಲ್ಲ. ಹಾಗೆಯೇ ಪಟದಿಂದ ಬೆಲೆಯ ನಡೆ ತಿಳಿಯುತ್ತದೆ. ಕಂಪನಿಯ ಆದಾಯವೇನು, ಸಾಲವೆಷ್ಟು, ಮಳೆ ಬಂತೇ, ಬೆಳೆ ಬಂತೇ ಎಂಬುದು ತಿಳಿಯುವುದಿಲ್ಲ. ಪ್ರಸ್ತಾರಕ್ಕೂ ಪಟಕ್ಕೂ ಒಂದು ದೊಡ್ಡ ಭೇದವೂ ಇದೆ. ಕಂದಪದ್ಯದ ಮೊದಲ ಎರಡು ಪಾದಗಳಲ್ಲಿ ಹನ್ನೆರಡು, ಇಪ್ಪತ್ತು ಮಾತ್ರೆಗಳಿದ್ದರೆ ಮುಂದಿನ ಎರಡರಲ್ಲೂ ಅಷ್ಟೇ ಇರಬೇಕು. ಪೂರ್ವಾರ್ಧವನ್ನು ಕಂಡವನು ಉತ್ತರಾರ್ಧದ ಅಳತೆಯನ್ನು ಹೇಳಬಲ್ಲನು. ಬೆಲೆಗೆ ಅಂಥ ಲಕ್ಷಣಗ್ರಂಥವಿಲ್ಲ. ಇಂಥ ಆಕೃತಿ ಮೂಡಿದರೆ ನಾಳೆ ಏರಿಕೆ ಖಚಿತ ಎಂದು ಹೇಳುವವರು ಇಲ್ಲದ ಛಂದಸ್ಸನ್ನು ಇದೆಯೆಂದು ಸಾಧಿಸುತ್ತಾರೆ.

ನಮ್ಮ ಸೀಮೆಯಲ್ಲೇ ನಿದರ್ಶನವಿದೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿಯಿತು. ಆಮೇಲೆ ಹಲವು ತಲೆಮಾರುಗಳು ಕೋಡಿಯನ್ನು ಕಾಣಲಿಲ್ಲ. ಆ ದೀರ್ಘಕಾಲದ ಗೆರೆಯನ್ನು ಮಾತ್ರ ನೋಡಿದವನು ಇನ್ನು ಕೋಡಿ ಹರಿಯದೆಂದೇ ಹೇಳುತ್ತಿದ್ದನು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿಯಿತು, 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಹಿಂದಿನ ಗೆರೆ ಸುಳ್ಳಾಗಿರಲಿಲ್ಲ. ಮುಂದಿನದನ್ನು ಹೇಳುವ ಅಧಿಕಾರ ಅದಕ್ಕಿರಲಿಲ್ಲ, ಅಷ್ಟೆ.

ಈ ಅಧಿಕಾರವನ್ನು ಪಟಕ್ಕೆ ಕೊಟ್ಟರೆ ಆಗುವ ಹಾನಿ ಅಲ್ಪವಲ್ಲ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ‘ಸೆಬಿ’ಯು 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ವಾಯಿದಾ ಮತ್ತು ಆಪ್ಷನ್ ವ್ಯಾಪಾರಕ್ಕಿಳಿದ ಒಂದು ಕೋಟಿಗೂ ಮಿಕ್ಕ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಹಸುರು ಕೆಂಪು ಬತ್ತಿಗಳು ಅವರೆಲ್ಲರ ಕಣ್ಣ ಮುಂದೆಯೂ ಉರಿಯುತ್ತಿದ್ದವು.

ಆದುದರಿಂದ ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಪಟವನ್ನು ತೋರಿಸಿ ತ್ವರೆಗೊಳಿಸುವವರು ಎದುರಾದರೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಇದು ಯಾವ ಬಗೆಯ ಪಟ, ಯಾವ ಕಾಲಾವಧಿಯದು, ಅಳತೆ ಎಲ್ಲಿಂದ ಆರಂಭವಾಗಿದೆ, ನನ್ನ ಹಣ ಹೋದರೆ ನಿಮಗೇನು ನಷ್ಟ? ದತ್ತಿನಿಧಿಗಳನ್ನು ಇರಿಸುವ ದಾನಿಗಳೂ ನಿವೃತ್ತ ಮಿತ್ರರೂ ಕಷ್ಟಕಾಲಕ್ಕೆ ಬೇಕಾದ ಮೂಲಧನವನ್ನು ಈ ಬತ್ತಿಗಳ ಬೆಳಕಿಗೆ ಒಪ್ಪಿಸದಿರಲಿ.

ಅಧ್ಯಾಪಕ ಬಂಧುಗಳಲ್ಲಿ ಇನ್ನೊಂದು ಸೂಚನೆ. ಪ್ರೌಢಶಾಲೆಯ ಗಣಿತದ ತರಗತಿಯಲ್ಲಿ ನಕ್ಷೆ ಬರೆಯುವ ಪಾಠ ಹೇಗೂ ಇದೆ. ಪತ್ರಿಕೆಯಲ್ಲಿ ಬರುವ ಚಿತ್ರದುರ್ಗ ಮಾರುಕಟ್ಟೆಯ ರಾಶಿ ಅಡಿಕೆಯ ಧಾರಣೆಯನ್ನು ಮಕ್ಕಳು ಜೂನ್‌ನಿಂದ ಮಾರ್ಚ್‌ವರೆಗೆ ದಿನವೂ ಗುರುತಿಸಲಿ. ಪ್ರತಿ ಶನಿವಾರ, ಮುಂದಿನ ವಾರ ಧಾರಣೆ ಏರುವುದೋ ಇಳಿಯುವುದೋ ಎಂದು ಪ್ರತಿಯೊಬ್ಬನೂ ತನ್ನ ಊಹೆಯನ್ನು ಬರೆದಿಡಲಿ. ವರ್ಷಾಂತ್ಯದಲ್ಲಿ ಊಹೆಗಳನ್ನು ಗೆರೆಯೊಡನೆ ಹೋಲಿಸಿ ನೋಡಲಿ. ಗೆರೆಯನ್ನು ಓದುವ ವಿದ್ಯೆಯೂ, ಆ ವಿದ್ಯೆಯ ಮಿತಿಯೂ ಅವರಿಗೆ ಒಮ್ಮೆಗೇ ಮನವರಿಕೆಯಾಗುತ್ತವೆ. ಅದಕ್ಕೆ ತಗಲುವ ವೆಚ್ಚ ಒಂದು ಚೌಕುಳಿ ಹಾಳೆ, ಒಂದು ಸೀಸದಕಡ್ಡಿ.