ಗಾಡಿ ನಿಲ್ಲದ ಬೀದಿಯಲ್ಲಿ ವ್ಯಾಪಾರ ಆಗುವುದಿಲ್ಲವೇ?

‘ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಬಿಡದಿದ್ದರೆ ಗಿರಾಕಿ ಬರುವುದಿಲ್ಲ. ಊರು ಬೆಳೆಯಬೇಕೆಂದರೆ ಬೈಪಾಸ್ ಬಳಿ ದೊಡ್ಡ ಮಾಲ್ ಬರಬೇಕು.’ ಇಂಥ ಮಾತುಗಳನ್ನು ವಾಟ್ಸಾಪ್ ಗುಂಪಿನಲ್ಲೋ ಚಹಾದಂಗಡಿಯಲ್ಲೋ ನೀವು ಕೇಳಿರುತ್ತೀರಿ. ಇದರಲ್ಲಿ ನಿಜ ಎಷ್ಟು? ವಿಜಯಪುರವನ್ನೇ ಎದುರಿಗಿಟ್ಟುಕೊಂಡು ನೋಡೋಣ.

ಗಿರಾಕಿ ಬರುವುದು ಹೇಗೆ?

ತಿಕೋಟಾ ಮತ್ತು ಬಬಲೇಶ್ವರ 2018ರಲ್ಲಿ ತಾಲ್ಲೂಕು ಕೇಂದ್ರಗಳಾದವು. ಆದರೂ ಮದುವೆ ಜವಳಿ, ಬಂಗಾರ, ದೊಡ್ಡ ಹಬ್ಬದ ಖರೀದಿ ಎಂದರೆ ಅಲ್ಲಿನವರು ಇಂದಿಗೂ ವಿಜಯಪುರದ ದಾರಿ ಹಿಡಿಯುತ್ತಾರೆ. ಬಸ್ಸಿನಲ್ಲಿ ಬರುವವರೂ ಬಹಳ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಈ ಪ್ರಯಾಣ ಉಚಿತ. ಬಸ್ಸಿನಿಂದ ಇಳಿದ ಕೂಡಲೇ ಅವರು ಪಾದಚಾರಿಗಳು. ಗಾಂಧಿ ಚೌಕದ ಕಡೆಗೆ, ಶಾಸ್ತ್ರಿ ಮಾರುಕಟ್ಟೆಯ ಕಡೆಗೆ ಕೈಚೀಲ ಹಿಡಿದು, ನಿಂತ ಬೈಕುಗಳ ಸಂದಿಯಲ್ಲಿ ಜಾಗ ಹುಡುಕುತ್ತಾ ನಡೆಯುವವರು ಇವರೇ.

ಅಂಗಡಿಯವರ ಅಂದಾಜು ಏಕೆ ತಪ್ಪುತ್ತದೆ?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ವರ್ತಕರನ್ನು ಕೇಳಿದಾಗ, 41% ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಎಂದರು. ಗಿರಾಕಿಗಳನ್ನೇ ಕೇಳಿದರೆ ಹಾಗೆ ಬಂದವರು 22% ಮಾತ್ರ. ಬರ್ಲಿನ್‌ನ ಎರಡು ಬೀದಿಗಳ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕತೆ: ಅಂದಾಜು ಸುಮಾರು 22%, ವಾಸ್ತವ ಸುಮಾರು 7%.

ಕಾರಿನಲ್ಲಿ ಬಂದವರು ಕಣ್ಣಿಗೆ ಬೀಳುತ್ತಾರೆ, ಜಾಗ ಸಿಗಲಿಲ್ಲವೆಂದು ದೂರುತ್ತಾರೆ. ನಡೆದು ಬಂದವರು ಸುಮ್ಮನೆ ಕೊಂಡು ಹೋಗುತ್ತಾರೆ.

ಸರಳ ಲೆಕ್ಕ ಹಾಕಿ. ಅಂಗಡಿ ಮುಂದೆ ಒಂದು ಕಾರಿನ ಜಾಗವಿದೆ. 2 ತಾಸಿಗೊಂದು ಕಾರು ಬದಲಾದರೂ 10 ತಾಸಿನಲ್ಲಿ 5 ಕಾರು. ಅದೇ ಜಾಗದಲ್ಲಿ ಅಷ್ಟು ಹೊತ್ತಿಗೆ ನೂರಾರು ಜನ ನಡೆದು ಹೋಗಬಹುದು. ಎಷ್ಟೋ ಸಲ ಅಲ್ಲಿ ಬೆಳಗಿನಿಂದ ನಿಂತಿರುವುದು ಅಂಗಡಿಯವರದ್ದೇ ಬೈಕು!

ಹಾಗಾದರೆ ಮಾಲ್ ಬೇಡವೇ?

ಬೇಡ ಎಂದಲ್ಲ. ಮಾಲ್‌ನಲ್ಲಿ ಜನರಿಗೆ ಇಷ್ಟವಾಗುವುದು ಏನು? ನೆರಳು, ಸಮತಟ್ಟಾದ ನೆಲ, ಶೌಚಾಲಯ, ಕೂರಲು ಬೆಂಚು, ಗಾಡಿಯ ಭಯವಿಲ್ಲದ ಓಡಾಟ. ಅಂದರೆ ಅದು ಛಾವಣಿ ಹಾಕಿದ ಪಾದಚಾರಿ ಬೀದಿ. ಅಮೆರಿಕದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಮಾಲ್‌ನ ವಿನ್ಯಾಸಕಾರ ವಿಕ್ಟರ್ ಗ್ರೂಯೆನ್ ವಿಯೆನ್ನಾದವರು. ತನ್ನೂರಿನಂಥ ನಡೆಯುವ ಪೇಟೆ ಕಟ್ಟುವುದು ಅವರ ಆಸೆಯಾಗಿತ್ತು. ಆದರೆ ಮಾಲ್‌ಗಳ ಸುತ್ತ ಪಾರ್ಕಿಂಗ್ ಬಯಲು ಬೆಳೆಯಿತು. ಕೊನೆಗಾಲದಲ್ಲಿ ಅವರೇ ಅದನ್ನು ಟೀಕಿಸಿದರು.

ದೊಡ್ಡ ಮಳಿಗೆ ಬಸ್ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿದ್ದರೆ ಅಲ್ಲಿಗೆ ಬಂದವರು ಪಕ್ಕದ ಬಳೆ ಅಂಗಡಿಗೂ ಹೊಕ್ಕುತ್ತಾರೆ, ಹೂವಿನವಳ ಹತ್ತಿರವೂ ಮೊಳ ಹೂವು ಕೊಳ್ಳುತ್ತಾರೆ. ಬೈಪಾಸ್‌ನಲ್ಲಿದ್ದರೆ ಬಬಲೇಶ್ವರದ ಅಜ್ಜಿಗೆ ಆಟೋ ಖರ್ಚು ಬೇರೆ.

ಇದು ಹೊಸ ಮಾತಲ್ಲ

ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಇದೇ ಊರಿಗೆ ಬಂದಿದ್ದ. ಇಲ್ಲಿನ ಬಜಾರು ಸುಮಾರು ಮೂವತ್ತು ಗಜ ಅಗಲ, ಎರಡು ಕೋಸು ಉದ್ದ ಇತ್ತು, ಪ್ರತಿ ಅಂಗಡಿಯ ಮುಂದೆ ಹಸಿರು ಮರವಿತ್ತು, ಬೀದಿ ಬಹಳ ಸ್ವಚ್ಛವಾಗಿತ್ತು ಎಂದು ಬರೆದಿಟ್ಟಿದ್ದಾನೆ. ನಮ್ಮ ಬೇಸಿಗೆಯ ಬಿಸಿಲಿಗೆ ಮರದ ನೆರಳೇ ಮೊದಲ ಸೌಕರ್ಯ ಎಂಬುದು ಆಗಿನವರಿಗೂ ಗೊತ್ತಿತ್ತು.

ನೆನಪಿಡಬೇಕಾದ್ದು

ಫ್ರಿಜ್, ಕಾಳಿನ ಚೀಲ ಸಾಗಿಸಲು ಗಾಡಿ ಬೇಕೇ ಬೇಕು. ನಡೆಯಲಾಗದ ಹಿರಿಯರಿಗೆ, ಅಂಗವಿಕಲರಿಗೆ ಬಾಗಿಲವರೆಗೆ ವಾಹನ ಬರಬೇಕು. ಸರಕು ಇಳಿಸಲು ಬೆಳಗಿನ ಹೊತ್ತು, ಉಳಿದ ಗಾಡಿಗಳಿಗೆ ಸ್ವಲ್ಪ ದೂರದಲ್ಲಿ ನಿಲುಗಡೆ ಗೊತ್ತುಮಾಡಬಹುದು. ಬೀದಿ ಚಂದ ಮಾಡುವ ನೆಪದಲ್ಲಿ ತಳ್ಳುಗಾಡಿಯವರನ್ನು ಓಡಿಸುವಂತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿಯುವ ಮೊದಲು ಎಬ್ಬಿಸುವಂತಿಲ್ಲ.

ನಿಮ್ಮದು ಅಂಗಡಿಯಾಗಿದ್ದರೆ ಒಂದು ವಾರ ಬಿಲ್ ಕೊಡುವಾಗ ಪ್ರತಿ ಗಿರಾಕಿಗೂ ಕೇಳಿ: ‘ಹೇಗೆ ಬಂದ್ರಿ?’ ಒಂದು ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಆ ಹಾಳೆಯ ಫೋಟೋವನ್ನೇ ಗುಂಪಿಗೆ ಕಳಿಸಿ.